ಆಯೇರಿನ ಪುಟ ಮತ್ತು ಹೊತ್ತು ತಿಳಿಯದ ಕಂಪ್ಯೂಟರ್

ವಿಜಯಪುರದ ನಮ್ಮ ಮನೆಗೆ ಸ್ವಂತದ್ದೊಂದು ವಿಕಿ ಇದೆ. ವರ್ಷಕ್ಕೆ ಎಷ್ಟು ಚೀಲ ಬಿಳಿಜೋಳ ಬೇಕು, ಶೇಂಗಾ ಹಿಂಡಿಗೆ ಖಾರ ಎಷ್ಟು ಹಾಕಬೇಕು, ಬೋರಿನ ಮೋಟರ್ ಕೆಟ್ಟರೆ ಯಾವ ಮಿಸ್ತ್ರಿಯನ್ನು ಕರೆಯಬೇಕು, ಯಾವ ಮಿಸ್ತ್ರಿಯನ್ನು ಎಂದಿಗೂ ಕರೆಯಬಾರದು ಎಂಬ ಸಂಗತಿಗಳೆಲ್ಲ ಅದರಲ್ಲಿ ಒಂದೊಂದು ಪುಟವಾಗಿ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕುಳಿತಿವೆ. 1995ರಲ್ಲಿ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ ಮೊದಲ ವಿಕಿಯನ್ನು ತೆರೆದದ್ದು ಹತ್ತಾರು ಜನ ಕೂಡಿ ಬರೆಯಲೆಂದು. ನಮ್ಮದರಲ್ಲಿ ಬರೆಯುವವನು ನಾನೊಬ್ಬನೇ. ಒಬ್ಬನೇ ಬರೆಯುವಲ್ಲಿ ತಕರಾರು ಹೇಗೆ ಹುಟ್ಟೀತು ಎಂದು ಕೇಳುವವರ ಬಳಿ ಒಂದೇ ಯಂತ್ರ ಇರಬೇಕು. ನನ್ನ ಬಳಿ ಫೋನಿದೆ, ಕಚೇರಿಯ ವಿಂಡೋಸ್ ಲ್ಯಾಪ್‌ಟಾಪ್ ಇದೆ, ಇವೆರಡರ ಮೇಲೆ ಯಜಮಾನಿಕೆ ನಡೆಸಲೆಂದು ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಹಗಲಿರುಳು ಚಾಲೂ ಇರುವ ಅಂಗೈಯಗಲದ ರಾಸ್‌ಬೆರಿ ಪೈ 4 ಕಂಪ್ಯೂಟರ್ ಇದೆ. ಅದರ ಕೆಂಪು ದೀಪಕ್ಕೂ ಅವ್ವ ಆಯುಧಪೂಜೆಯ ದಿನ ಕುಂಕುಮ ಹಚ್ಚುತ್ತಾಳೆ.

ಆರಂಭದಲ್ಲಿ ನಾನು ಬಳಸಿದ್ದು 2004ರಲ್ಲಿ ಜೆರೆಮಿ ರಸ್ಟನ್ ರೂಪಿಸಿದ ಟಿಡ್ಲಿವಿಕಿಯನ್ನು. ಇಡೀ ವಿಕಿ ಒಂದೇ ಎಚ್‌ಟಿಎಂಎಲ್ ಕಡತದಲ್ಲಿ ಇರುವುದು ಅದರ ಸೊಗಸು. ಆದರೆ ಫೋನಿನಲ್ಲಿ ಜೋಳದ ಪುಟವನ್ನೂ ಲ್ಯಾಪ್‌ಟಾಪಿನಲ್ಲಿ ಮೋಟರಿನ ಪುಟವನ್ನೂ ತಿದ್ದಿದರೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಆ ಎರಡು ತಿದ್ದುಪಡಿಗಳು ಒಂದೇ ಕಡತದ ಎರಡು ಪ್ರತಿಗಳಾಗಿ ಎದುರುಬದುರು ನಿಲ್ಲುತ್ತಿದ್ದವು. ಆದ್ದರಿಂದ ಪುಟಕ್ಕೊಂದು ಕಡತವಿರುವ, ಶೀರ್ಷಿಕೆಯೇ ಕಡತದ ಹೆಸರಾಗುವ ಇನ್ನೊಂದು ವಿಕಿಗೆ ಎಲ್ಲವನ್ನೂ ಸಾಗಿಸಿ, ಯಂತ್ರಗಳ ನಡುವೆ ಪ್ರತಿಗಳನ್ನು ಸರಿದೂಗಿಸುವ ಕೆಲಸವನ್ನು ಸಿಂಕ್‌ಥಿಂಗ್ ಎಂಬ ತಂತ್ರಾಂಶಕ್ಕೆ ವಹಿಸಿದೆ.

ಸಿಂಕ್‌ಥಿಂಗ್‌ನ ನ್ಯಾಯ ಬಹಳ ಸರಳವಾದದ್ದು. ಒಂದೇ ಕಡತವನ್ನು ಎರಡು ಕಡೆ ಬೇರೆ ಬೇರೆಯಾಗಿ ತಿದ್ದಿದ್ದರೆ, ಸಾಮಾನ್ಯವಾಗಿ ಇತ್ತೀಚಿನ ಸಮಯದ ಮುದ್ರೆಯಿರುವ ಪ್ರತಿ ಗೆಲ್ಲುತ್ತದೆ. ಸೋತದ್ದನ್ನು ಅದು ಅಳಿಸುವುದಿಲ್ಲ. ಹೆಸರಿಗೆ ‘ಸಿಂಕ್-ಕಾನ್‌ಫ್ಲಿಕ್ಟ್’ ಎಂಬ ಬಾಲವನ್ನೂ ದಿನಾಂಕವನ್ನೂ ಅಂಟಿಸಿ ಪಕ್ಕದಲ್ಲಿಯೇ ಇಡುತ್ತದೆ. ಆ ಬಾಲದ ಕಡತವೂ ಸಾಮಾನ್ಯ ಕಡತವೇ ಆದ್ದರಿಂದ ಅದು ಕೂಡ ಎಲ್ಲ ಯಂತ್ರಗಳಿಗೂ ಹರಿದು ಹೋಗುತ್ತದೆ, ಹೀಗಾಗಿ ಗೋಳಗುಮ್ಮಟದ ಗ್ಯಾಲರಿಯಲ್ಲಿ ಆಡಿದ ಮಾತಿನಂತೆ ನನ್ನ ಒಂದು ಅನುಮಾನ ಮನೆಯಲ್ಲಿಯೂ ಕಚೇರಿಯಲ್ಲಿಯೂ ಜೇಬಿನಲ್ಲಿಯೂ ಮರುಧ್ವನಿಸುತ್ತಿರುತ್ತದೆ.

ಈ ನ್ಯಾಯಕ್ಕೆ ಆಧಾರ ಗಡಿಯಾರ. ಪೈ 4ರ ಒಳಗೆ ಇಲ್ಲದಿರುವುದೂ ಅದೇ. ಕರೆಂಟ್ ಹೋದಾಗಲೂ ಸಮಯ ಎಣಿಸುವ ಬ್ಯಾಟರಿ ಗಡಿಯಾರ ಅದರಲ್ಲಿಲ್ಲ. ಎದ್ದ ಕೂಡಲೇ ಅಂತರ್ಜಾಲವನ್ನು ಕೇಳಿ ಸಮಯ ತಿಳಿದುಕೊಳ್ಳುತ್ತದೆ. ಅಂತರ್ಜಾಲ ಇಲ್ಲದಿದ್ದರೆ, ನಮ್ಮಲ್ಲಿ ಇರುವ ಏರ್ಪಾಟಿನಂತೆ, ಗಂಟೆಗೊಮ್ಮೆ ಬರೆದಿಟ್ಟುಕೊಂಡ ಹಳೆಯ ಸಮಯದಿಂದಲೇ ದಿನವನ್ನು ಮುಂದುವರಿಸುತ್ತದೆ. ಬೇಸಿಗೆಯ ವಿಜಯಪುರದಲ್ಲಿ ಕರೆಂಟ್ ಹೋಗುವುದೂ, ಅದು ಬಂದ ಮೇಲೂ ಅಂತರ್ಜಾಲ ಬರದಿರುವುದೂ ಯಾರಿಗೂ ಸುದ್ದಿಯಲ್ಲ.

ಬಸವನ ಬಾಗೇವಾಡಿಯ ಸೋದರತ್ತೆಯ ಮಗನ ಮದುವೆ ಬಂದಿತ್ತು. ನಮ್ಮ ವಾಸ್ತುಶಾಂತಿಗೆ ಅತ್ತೆ ಉಡುಗೊರೆಯಾಗಿ ಹಾಕಿದ ಆಯೇರಿಗಿಂತ ಒಂದಿಷ್ಟು ಹೆಚ್ಚು ಹಾಕಬೇಕು ಎಂಬುದು ಶಾಸನವಿಲ್ಲದಿದ್ದರೂ ಯಾರೂ ಮೀರದ ಕಾನೂನು. ಮಧ್ಯಾಹ್ನ ಕಚೇರಿಯಲ್ಲಿ ಕುಳಿತು, ನೆನಪಿನ ಮೇಲೆ, ಫೋನಿನ ವಿಕಿಯ ಆಯೇರಿನ ಪುಟದಲ್ಲಿ ‘ಅತ್ತೆ: 501’ ಎಂದು ಬರೆದೆ. ಮನೆಯಲ್ಲಿ ಬೆಳಗ್ಗೆ ಹತ್ತರ ಸುಮಾರಿಗೇ ಕರೆಂಟ್ ಹೋಗಿತ್ತು. ಸಂಜೆ ಅದು ಮರಳಿತು, ಅಂತರ್ಜಾಲ ಮರಳಲಿಲ್ಲ, ಅಷ್ಟರಲ್ಲಿ ನನ್ನ ಫೋನಿನ ಬ್ಯಾಟರಿಯೂ ಕೈಬಿಟ್ಟಿತ್ತು. ಹೆಂಡತಿ ಟ್ರಂಕಿನಿಂದ ಹಳೆಯ ವಹಿ ತೆಗೆದು 1,001 ಎಂದು ಬೆರಳಿಟ್ಟು ತೋರಿಸಿದಳು. ಮಗಳ ಟ್ಯಾಬಿನಲ್ಲಿ ಮನೆಯ ವೈಫೈ ಮೂಲಕ ಪೈನ ವಿಕಿಯನ್ನು ತೆರೆದು, ಅಲ್ಲಿ ಅತ್ತೆಯ ಹೆಸರಿನ ಮುಂದೆ 1,001 ಎಂದು ನಮೂದಿಸಿದೆ. ಪೈನ ಮಟ್ಟಿಗೆ ಆಗಿನ್ನೂ ಬೆಳಗಿನ ಹತ್ತು ಗಂಟೆ. ರಾತ್ರಿ ಫೋನು ಚಾರ್ಜಾಗಿ ಕಣ್ಣು ತೆರೆದಾಗ ಎರಡೂ ಮುಖಾಮುಖಿಯಾದವು. ಮಧ್ಯಾಹ್ನದ 501 ಹೊಸದೆಂದು ಗೆದ್ದಿತು, ಸಂಜೆಯ 1,001 ಬಾಲ ಹಚ್ಚಿಸಿಕೊಂಡು ಮೂಲೆಗೆ ಸೇರಿತು.

ಮದುವೆಯ ದಿನ ಮಂಟಪದ ಬಾಗಿಲಲ್ಲಿ ಫೋನು ತೆಗೆದು, ಪುಟ ನೋಡಿ, ಪಾಕೀಟಿನಲ್ಲಿ 551 ರೂಪಾಯಿ ಹಾಕಿ, ಆಯೇರು ಬರೆಯುವವರಿಗೆ ಒಪ್ಪಿಸಿ ಬಂದೆ. ಅವರು ಮೊತ್ತವನ್ನು ಗಟ್ಟಿಯಾಗಿ ಓದಿ ಬರೆದುಕೊಳ್ಳುವ ಪದ್ಧತಿಯವರು.

“ಐನೂರಾ ಐವತ್ತೊಂದ ಹಾಕಿದ್ರ್ಯಾ?” ಎಂದು ಹೆಂಡತಿ ಮೆಲ್ಲಗೆ ಕೇಳಿದಳು. “ವಹಿ ತಗದ ತೋರ್ಸಿದ್ನೆಲ್ರೀ!”

ನಾನು ಫೋನು ತೋರಿಸಿದೆ. ಅದರ ಮೇಲೊಂದು ಕಣ್ಣು ಹಾಯಿಸಿ ಅವಳು ಹೇಳಿದ್ದಿಷ್ಟೇ: “ಇದನ್ನ ಅತ್ತಿಯವರಿಗೇ ತೋರಸ್ರಿ.”

ಪೈನ ಗಡಿಯಾರ, ಕಡತಗಳ ಸಮಯಮುದ್ರೆ ಇವನ್ನೆಲ್ಲ ಅತ್ತೆಗೆ ವಿವರಿಸುವುದಕ್ಕಿಂತ, ಮರುದಿನ ಬಾಕಿ 550 ರೂಪಾಯಿಯನ್ನು ಫೋನಿನಿಂದ ಕಳುಹಿಸುವುದು ಮರ್ಯಾದೆಯ ಮಾರ್ಗವೆನಿಸಿತು. ಅರ್ಧ ಗಂಟೆಯೊಳಗೆ ಅತ್ತೆಯ ಕರೆ ಬಂತು. “ತಮ್ಮಾ, ನಿನ್ನ ರೊಕ್ಕ ತಪ್ಪಿ ನಮಗ ಬಂದಾವ ನೋಡು. ಯಾರಿಗಿ ಕಳಸಾಂವ ಇದ್ದೀಯೋ ಏನೋ. ಹುಡುಗನ ಕೈಲೆ ವಾಪಸ್ ಹಾಕಸೀನಿ.” ಇಲ್ಲ ಅತ್ತೆ, ಅದು ನಿಮಗೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ದುಡ್ಡು ಮರಳಿ ಬಂದ ಸಂದೇಶವೂ ಬಂತು.

ಆ ವಾರವೇ ನಾಣ್ಯದಂಥ ಬ್ಯಾಟರಿಯುಳ್ಳ ಡಿಎಸ್ 3231 ಎಂಬ ಗಡಿಯಾರದ ಬಿಲ್ಲೆಯನ್ನು ತರಿಸಿ ಪೈನ ಪಿನ್ನುಗಳಿಗೆ ಸಿಕ್ಕಿಸಿದೆ. ಈಗ ಕರೆಂಟ್ ಹೋಗಿ ಬಂದರೂ ಅದಕ್ಕೆ ಹೊತ್ತು ಗೊತ್ತಿರುತ್ತದೆ. ಆಯೇರಿನ ಪುಟಕ್ಕೆ ಪ್ರತ್ಯೇಕ ಫೋಲ್ಡರ್ ಮಾಡಿ, ಫೋನಿನಲ್ಲಿ ಅದನ್ನು ‘ಸ್ವೀಕರಿಸಲು ಮಾತ್ರ’ ಎಂದು ನಿಗದಿಪಡಿಸಿದೆ. ಇನ್ನು ಉಳಿದದ್ದು ಈ ಪ್ರಕರಣವನ್ನು ದಾಖಲಿಸುವುದು. ಮುಂದೆ ಗೊಂದಲವಾಗಬಾರದೆಂದು ಲ್ಯಾಪ್‌ಟಾಪಿನಲ್ಲಿ ಹೊಸ ಪುಟ ತೆರೆದು, ‘ಬಸವನ ಬಾಗೇವಾಡಿ ಅತ್ತೆಯವರ ಮಗನ ಮದುವೆಗೆ ಕೊಟ್ಟ ಆಯೇರು, ಆಮೇಲೆ ನಾವು ಕಳುಹಿಸಿದ ಬಾಕಿ, ಅವರು ಹಿಂದಿರುಗಿಸಿದ ಮೊತ್ತ’ ಎಂಬ ಶೀರ್ಷಿಕೆ ಕೊಟ್ಟೆ. ವಿಂಡೋಸ್ ಅದನ್ನು ಮರುಮಾತಿಲ್ಲದೆ ಒಪ್ಪಿತು, ಪೈ ಒಪ್ಪಲಿಲ್ಲ. ವಿಂಡೋಸ್ ಕಡತದ ಹೆಸರನ್ನು ಅಕ್ಷರಚಿಹ್ನೆಗಳ ಲೆಕ್ಕದಲ್ಲಿ 255ರವರೆಗೆ ಬಿಡುತ್ತದೆ. ಪೈಯನ್ನು ನಡೆಸುವ ಲಿನಕ್ಸ್ ಬಿಡುವುದು 255 ಬೈಟುಗಳನ್ನು, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಇಡುವ ಜಾಗದ ಅಳತೆಗಳನ್ನು, ಮತ್ತು ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತದ ಚಿಹ್ನೆಗೂ ಮೂರು ಮೂರು ಬೈಟು, ಒತ್ತಿಗೆ ಆರು ಬೈಟು ಬೇಕು. ಅಕ್ಷರಕ್ಕೆ ಒಂದೇ ಬೈಟು ಸಾಕಾಗುವ ಇಂಗ್ಲಿಷಿನವರಿಗೆ 255 ಅಕ್ಷರ ಸಿಗುವಲ್ಲಿ ನಮಗೆ ಸಿಗುವುದು ಹೆಚ್ಚೆಂದರೆ 85.

“ಅಷ್ಟುದ್ದ ಯಾಕ್ ಬರೀತೀರಿ? ‘ಅತ್ತಿಯವರ ಆಯೇರಿನ ಗೊಂದಲ’ ಅಂತ ಬರೀರಿ, ಸಾಕು” ಎಂದಳು ಹೆಂಡತಿ. ಆ ಹೆಸರು ಬೈಟುಗಳ ಮಿತಿಯೊಳಗೆ ಆರಾಮಾಗಿ ಹಿಡಿಸಿತು. ಆದರೆ ಉಳಿಸಲು ಹೋದಾಗ, ಅದೇ ಹೆಸರಿನ ಪುಟವೊಂದು ವಿಕಿಯಲ್ಲಿ ಮೊದಲೇ ಇದೆ, ಅದರ ಮೇಲೆಯೇ ಬರೆಯಬೇಕೇ ಎಂದು ಲ್ಯಾಪ್‌ಟಾಪ್ ಕೇಳಿತು.