ಕೈಗವಸು ಕಳಚಿ, ಬ್ರೆಡ್ಡು ಕೆಳಗಿಡಿ

ಯುರೋಪಿನ ಗಡಿಗಳಲ್ಲಿ ಹೊರಗಿನವರ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಬೆರಳಚ್ಚು ಮತ್ತು ಮುಖದ ಚಿತ್ರ ಪಡೆಯುವ ಪದ್ಧತಿ 2025ರ ಅಕ್ಟೋಬರ್ 12ರಂದು ಆರಂಭವಾಯಿತಲ್ಲ, ಅಂದಿನಿಂದ ನನಗೆ, ಬ್ರೆಕ್ಸಿಟ್ ಮಾಡಿಕೊಂಡು ಐರೋಪ್ಯ ಒಕ್ಕೂಟದಿಂದ ಹೊರಬಿದ್ದ ಬ್ರಿಟಿಷ್ ಬೈಕ್ ಸವಾರರ ಮೇಲೆ ವಿಶೇಷ ಮಮತೆ. ಫ್ರಾನ್ಸಿನಲ್ಲಿ ಪ್ರಮಾಣೀಕೃತ ಕೈಗವಸು ಹಾಕದೆ ಬೈಕ್ ಓಡಿಸಿದರೆ 68 ಯುರೋ ದಂಡ; 2016ರಿಂದ ಅದು ಕಾನೂನು. ಗಡಿಯಲ್ಲಿ ಅದೇ ಫ್ರಾನ್ಸಿನ ಪೊಲೀಸರಿಗೆ ಬೆರಳು ಒಪ್ಪಿಸಬೇಕಾದರೆ ಕೈಗವಸು ಕಳಚಬೇಕು. ಮುಖ ಒಪ್ಪಿಸಲು ಹೆಲ್ಮೆಟ್ಟೂ ಕಳಚಬೇಕು. ಆ ಹೆಲ್ಮೆಟ್ಟಿಗೆ ನಾಲ್ಕು ಕಡೆ ಹೊಳೆಯುವ ಸ್ಟಿಕ್ಕರ್ ಅಂಟಿಸಿರಬೇಕು ಎನ್ನುವುದೂ ಅದೇ ಸರಕಾರ. ಹೆಲ್ಮೆಟ್ಟಿನೊಳಗಿನ ತಲೆಯಲ್ಲಿ ಏನಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಮಳೆಯಲ್ಲಿ ಆಲ್ಪ್ಸ್ ಹತ್ತಲು ಹೊರಟ ಈ ಮಹನೀಯರಲ್ಲಿ ಒಬ್ಬರೂ ಇಂಗ್ಲೆಂಡಿನ ಡೋವರ್ ಬಂದರು ದಾಟುತ್ತಿರಲಿಲ್ಲ.

ಬೈಕಿನ ಹಿಂಬದಿಯದು ಇನ್ನೊಂದು ಪುರಾಣ. ಅಲ್ಲಿ 'ಜಿಬಿ', ಅಂದರೆ ಗ್ರೇಟ್ ಬ್ರಿಟನ್, ಎಂದು ಅಂಟಿಸಿಕೊಂಡು ಮೆರೆದವರು 2021ರ ಸೆಪ್ಟೆಂಬರ್ 28ರಿಂದ ಅದನ್ನು ಕಿತ್ತು 'ಯುಕೆ' ಅಂಟಿಸಿಕೊಳ್ಳಬೇಕಾಯಿತು. ಭೂಪಟಕ್ಕೆಲ್ಲ ತನ್ನ ಬಣ್ಣ ಬಳಿಯುತ್ತಿದ್ದ ದೇಶ, ತನ್ನ 'ಗ್ರೇಟ್' ಅನ್ನು ತಾನೇ ಉಗುರಿನಿಂದ ಕೆರೆದು ತೆಗೆಯಿತು.

ಇಷ್ಟಾದ ಮೇಲೆ ಹಡಗು. ಕಬ್ಬಿಣದ ನೆಲ, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಸಮುದ್ರದ ನೀರು, ನೀರಿನ ಮೇಲೆ ಲಾರಿಗಳು ಸುರಿಸಿದ ಎಣ್ಣೆ. ಇದರ ಮೇಲೆ ಎರಡೂವರೆ ಕ್ವಿಂಟಲ್ ಬೈಕನ್ನು ತುದಿಗಾಲಲ್ಲಿ ನೂಕುತ್ತಾ ಸವಾರ ಒಳಗೆ ಬರುತ್ತಾನೆ. ಸಿಬ್ಬಂದಿ ಒಂದು ಜಿಡ್ಡುಗಟ್ಟಿದ ಸ್ಪಂಜನ್ನೂ ಬೈಕು ಬಿಗಿಯುವ ಒಂದು ಪಟ್ಟಿಯನ್ನೂ ತೋರಿಸಿ ಮಾಯವಾಗುತ್ತಾರೆ. ಸ್ಪಂಜನ್ನು ಸೀಟಿನ ಮೇಲಿಟ್ಟು, ಪಟ್ಟಿ ಬಿಗಿದು, ಗೇರಿನಲ್ಲಿ ನಿಲ್ಲಿಸಿ, ಸಾಲದೆನಿಸಿ ಮತ್ತೊಮ್ಮೆ ಬಿಗಿದು, ಮಹಡಿ ಹತ್ತಿದವನು ದಡ ಬರುವವರೆಗೆ ಕಾಫಿ ಕುಡಿಯುವುದಿಲ್ಲ. ಕೆಳಗಿನಿಂದ 'ಧಡಾರ್' ಎನ್ನುವ ಸದ್ದಿಗೆ ಕಿವಿಗೊಟ್ಟಿರುತ್ತಾನೆ.

ಬುತ್ತಿಯ ಪ್ರಸಂಗ ನಿಮಗೆ ನೆನಪಿದೆ. 2021ರ ಜನವರಿ, ಹಾಲೆಂಡಿನ ಹುಕ್ ಬಂದರು. ಇಂಗ್ಲೆಂಡಿನಿಂದ ಬಂದಿಳಿದವರ ಹ್ಯಾಮ್ ಸ್ಯಾಂಡ್‌ವಿಚ್‌ಗಳನ್ನು ಸುಂಕದವರು ಕಸಿದುಕೊಂಡರು. ಮಾಂಸ ತೆಗೆದುಕೊಳ್ಳಿ, ಬ್ರೆಡ್ಡನ್ನಾದರೂ ಬಿಡಿ ಎಂದು ಒಬ್ಬ ಚಾಲಕ ಬೇಡಿಕೊಂಡ. ಇಲ್ಲ ಸ್ವಾಮಿ, ಎಲ್ಲವೂ ಜಪ್ತಿ, ಬ್ರೆಕ್ಸಿಟ್‌ಗೆ ಸ್ವಾಗತ ಎಂದರು. ಎಂಥ ಕರ್ತವ್ಯಪ್ರಜ್ಞೆ! ಹಸಿದವನ ಕೈಯ ಬ್ರೆಡ್ಡಿನಿಂದ ಒಂದು ಖಂಡವನ್ನೇ ರಕ್ಷಿಸಿದ ಆ ಅಧಿಕಾರಿಗೆ ನಮ್ಮ ಯಾವುದಾದರೂ ಚೆಕ್‌ಪೋಸ್ಟಿನಲ್ಲಿ ಸನ್ಮಾನವಾಗಬೇಕು. ಶಾಲು ಹೊದಿಸಬಹುದು; ಹಣ್ಣಿನ ಬುಟ್ಟಿಯನ್ನು ಅವರೇ ಜಪ್ತಿ ಮಾಡುತ್ತಾರೆ.

ಯುರೋಪಿನಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದಂತೆ ಎಂದು ಈಗ ಆಂಗ್ಲರು ಬೆರಳೆಣಿಸುತ್ತಾ ಗೋಳಾಡುತ್ತಾರೆ. ಅಯ್ಯಾ, ಎಣಿಸು. ಲಂಡನ್ನಿನಲ್ಲಿ ದುಡಿಯುವ ನಮ್ಮ ಹುಡುಗ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವನು, ಡೋವರಿನ ಬಂಡೆಯ ಮೇಲೆ ನಿಂತರೆ ತಿಳಿಯಾದ ದಿನ ಫ್ರಾನ್ಸ್ ಕಣ್ಣಿಗೇ ಕಾಣುತ್ತದೆ. ನಡುವೆ ಬರೀ 33 ಕಿಲೋಮೀಟರ್ ನೀರು. ಅದನ್ನು ದಾಟಲು ಅವನು ಬ್ಯಾಂಕಿನ ಲೆಕ್ಕ, ಮಾಲೀಕರ ಪತ್ರ, ಹೋಟೆಲಿನ ಮುಂಗಡ, ವಿಮೆ ಎಲ್ಲ ಜೋಡಿಸಿ 90 ಯುರೋ ಕಟ್ಟಬೇಕು. ವೀಸಾ ಕೊಡದಿದ್ದರೂ ಆ ಹಣ ವಾಪಸಿಲ್ಲ. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣುತ್ತಿಲ್ಲ. ಕೆಲಸ ಮಾಡದೆಯೇ ಕೂಲಿ ತೆಗೆದುಕೊಳ್ಳುವುದಕ್ಕೆ ನಮ್ಮೂರಿನಲ್ಲಿ ಬೇರೆ ಹೆಸರಿದೆ, ಅದನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವುದಿಲ್ಲ.

ಇರಲಿ, ಬೈಕು ಆಸ್ಟ್ರಿಯಕ್ಕೆ ಬಂತು. ಅಲ್ಲಿ ಬೈಕಿನವನೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹೊತ್ತಿರಬೇಕು. ಅಲ್ಲಿನ ಟಿರೋಲ್ ಪ್ರಾಂತ್ಯದ ರಾಯ್ಟ ಜಿಲ್ಲೆಯಲ್ಲಿ 2020ರಿಂದ ಬೇಸಿಗೆಯ ತಿಂಗಳುಗಳಲ್ಲಿ ಕೆಲವು ರಸ್ತೆಗಳಿಗೆ 95 ಡೆಸಿಬೆಲ್ ಮೀರಿದ ಬೈಕುಗಳಿಗೆ ಪ್ರವೇಶವಿಲ್ಲ. ಹಳ್ಳಿಯವರ ಸಂಕಟ ನಿಜ. ಭಾನುವಾರವಿಡೀ ಅಂಗಳದಲ್ಲಿ ಎಂಜಿನ್ ಗುಡುಗಿದರೆ ಯಾರಿಗಾದರೂ ದೊಣ್ಣೆ ಎತ್ತಿಕೊಳ್ಳೋಣ ಅನಿಸುತ್ತದೆ. ಆದರೆ ಪೊಲೀಸರು ನೋಡುವುದು ದಾಖಲೆಯಲ್ಲಿ ಬರೆದ ಅಂಕಿಯನ್ನು. ಅದರಲ್ಲಿ 96 ಎಂದಿದ್ದರೆ, ಬೈಕನ್ನು ಬೆಕ್ಕಿನ ಹೆಜ್ಜೆಯಲ್ಲಿ ಓಡಿಸಿದರೂ ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗಬೇಕು. 94 ಎಂದಿರುವವನು ಕಣಿವೆಯ ದನಗಳೆಲ್ಲ ಹಗ್ಗ ಹರಿದುಕೊಳ್ಳುವಂತೆ ಆಕ್ಸಿಲರೇಟರ್ ತಿರುವಿಕೊಂಡು ಹೋಗಬಹುದು. ಅವನ ಕಾಗದಪತ್ರ ಸರಿಯಾಗಿದೆ.