ಕಾರವಾರದವನಿಗೆ ಗೋವಾದ ಭಯ

ನಿನ್ನೆ ಬೆಳಿಗ್ಗೆ ಕಾರವಾರದ ಶಿರವಾಡ ಸ್ಟೇಷನ್ನಿನಲ್ಲಿ ರೈಲು ಇಳಿದೆವು. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಅದಕ್ಕೇ ಈ ಬರಹ. ಉದ್ದ ಆಗಬಹುದು, ಚಹಾ ಇಟ್ಟುಕೊಂಡು ಓದಿ.

ಮದುವೆಯಾಗಿ ಇಪ್ಪತ್ತೈದು ವರ್ಷ ಆಯಿತು ಅಂತ ಮಗಳು ನಮ್ಮಿಬ್ಬರಿಗೂ ಕ್ರೂಸ್ ಬುಕ್ ಮಾಡಿದ್ದಳು. ಮುಂಬೈಯಿಂದ ಹೊರಟು, ಗೋವಾದಲ್ಲಿ ಒಂದು ಹಗಲು ನಿಂತು, ವಾಪಸ್ ಮುಂಬೈ. ಅಂದರೆ ನೋಡಿ, ಕಾರವಾರದಿಂದ ರೈಲು ಹತ್ತಿ, ಗೋವಾ ದಾಟಿ, ಮುಂಬೈಗೆ ಹೋಗಿ, ಅಲ್ಲಿ ಹಡಗು ಹತ್ತಿ, ತಿರುಗಿ ಗೋವಾಕ್ಕೇ ಬರುವುದು! ಕೊಂಕಣ ಸುತ್ತಿ ಮೈಲಾರಕ್ಕೆ ಹೋದವರನ್ನು ಕೇಳಿದ್ದೇವೆ, ನಮ್ಮದು ಕೊಂಕಣ ಸುತ್ತಿ ಕೊಂಕಣಕ್ಕೇ ಬಂದ ಕಥೆ. ಶಿರಸಿಯಿಂದ ಮಾವನವರು ಫೋನ್ ಮಾಡಿ, "ಅಳಿಯಂದಿರೇ, ಕದಂಬ ಬಸ್ಸು ನಿಂತುಹೋಯ್ತಾ?" ಅಂತ ಕೇಳಿದರು. ಕದಂಬ ಅಂದರೆ ಗೋವಾ ಸರ್ಕಾರದ ಬಸ್ಸು, ಕಾರವಾರಕ್ಕೂ ಬರುತ್ತದೆ. ಏನು ಹೇಳಲಿ?

ಇರಲಿ, ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಹಡಗಿನಲ್ಲಿ ಮೊದಲ ಸಂಜೆ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ, ನಾಳೆ ಗೋವಾದಲ್ಲಿ ಏನೇನು ನೋಡಬಹುದು ಅಂತ ಒಬ್ಬ ಹುಡುಗಿ ಮೈಕ್ ಹಿಡಿದು ಹೇಳಿದಳು. ಹತ್ತು ನಿಮಿಷ ಗೋವಾದ ಚಂದ, ಇಪ್ಪತ್ತು ನಿಮಿಷ ಗೋವಾದ ಭಯ. ಸ್ವಂತವಾಗಿ ಹೋದರೆ ಟ್ಯಾಕ್ಸಿಯವರು ಮೋಸ ಮಾಡುತ್ತಾರೆ, ದಾರಿ ಗೊತ್ತಾಗುವುದಿಲ್ಲ, ಭಾಷೆ ಬರುವುದಿಲ್ಲ, ತಡವಾದರೆ ಹಡಗು ಕಾಯುವುದಿಲ್ಲ. ಇಷ್ಟು ಹೆದರಿಸಿದ ಮೇಲೆ ಟೂರ್‌ಗಳ ಪಟ್ಟಿ. ಫೆನಿ (ಗೇರುಹಣ್ಣಿನಿಂದ ಇಳಿಸುವ ಮದ್ಯ) ಡಿಸ್ಟಿಲರಿಯೂ ಬಿಯರ್ ಮಾಡುವ ಬ್ರೂವರಿಯೂ ಸೇರಿದ ಟೂರ್‌ಗೆ ಒಬ್ಬರಿಗೆ 4,500 ರೂಪಾಯಿ.

"ನಾವೇ ಹೋಗಿ ಬರ್ತೇವೆ" ಅಂದೆ. ಆ ಹುಡುಗಿ ತಲೆ ಓರೆ ಮಾಡಿ, ಮಗುವಿಗೆ ಹೇಳುವ ಹಾಗೆ, "ಸರ್, ಗೋವಾ ನಿಮಗೆ ಹೊಸದು, ರಿಸ್ಕ್ ಯಾಕೆ?" ಅಂದಳು.

ನನಗೆ! ಮಡಗಾಂವದಲ್ಲಿ ಆರು ವರ್ಷ ನೌಕರಿ ಮಾಡಿದವನಿಗೆ! ಸೋಮವಾರ ಬೆಳಿಗ್ಗೆ ಕತ್ತಲಲ್ಲಿ ಬಸ್ಸು ಹತ್ತಿ, ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟ್ ದಾಟುವಾಗ ನಿದ್ದೆ, ಕಾಣಕೋಣದಲ್ಲಿ ಎಚ್ಚರ, ಹೀಗೆ ಆರು ವರ್ಷ ಓಡಾಡಿದವನು ನಾನು. ಇನ್ನೇನೋ ಹೇಳಲು ಬಾಯಿ ತೆರೆದೆ, ನಮ್ಮವಳು "ಸುಮ್ನೆ ಬನ್ನಿ ಮಾರಾಯ್ರೆ" ಅಂತ ತೋಳು ಹಿಡಿದು ಎಳೆದಳು.

ಮರುದಿನ ಒಂಬತ್ತಕ್ಕೆ ಹಡಗು ಗೋವಾದ ಮುರಗಾಂವ್ ಬಂದರು ಮುಟ್ಟಿತು. ಸಂಜೆ ಐದರೊಳಗೆ ವಾಪಸ್ ಹತ್ತಬೇಕು. ಗೇಟಿನ ಹೊರಗೆ ಟ್ಯಾಕ್ಸಿಯವರು ಹೇಳಿದ ರೇಟು ಕೇಳಿ ತಲೆ ತಿರುಗಿತು, ಅದು ಸುಳ್ಳಲ್ಲ. ಆದರೆ ಸ್ವಲ್ಪ ಮುಂದೆ ನಡೆದದ್ದೇ ಒಂದು ಆಟೋ ನಿಂತಿತು. "ಎಲ್ಲಿಗ್ರೀ ಸರ?" ಗದಗದ ಕಡೆಯವನು. ಬಂದರಿನ ಪಕ್ಕದ ಊರು ವಾಸ್ಕೋದಲ್ಲಿ ನಮ್ಮ ಉತ್ತರ ಕರ್ನಾಟಕದವರು ಎಷ್ಟು ಜನ ಇದ್ದಾರೆ ಅಂತ ಗೊತ್ತಿದ್ದವರಿಗೆ ಗೊತ್ತು. ಭಾಷೆ ಬರುವುದಿಲ್ಲವಂತೆ, ಭಾಷೆ!

ವಾಸ್ಕೋದಿಂದ ಮಡಗಾಂವಕ್ಕೆ ಬಸ್ಸು. ಮಡಗಾಂವದಿಂದ ಕುಂಕಳ್ಳಿಗೆ ಹೋಗಬೇಕಿತ್ತು. ಎದುರಿಗೆ ಬಂದ ಬಸ್ಸಿನ ಬೋರ್ಡು ನೋಡಿ ನಮ್ಮವಳು ನಗಲು ಶುರು ಮಾಡಿದವಳು ಸೀಟಿನಲ್ಲಿ ಕೂತರೂ ನಿಲ್ಲಿಸಲಿಲ್ಲ. ಬೋರ್ಡಿನಲ್ಲಿ ಇದ್ದದ್ದು: ಕಾರವಾರ.

ಕುಂಕಳ್ಳಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪಾಲ್ ಜಾನ್ ವಿಸ್ಕಿಯ ಡಿಸ್ಟಿಲರಿ ಇದೆ. ಕಂಪನಿ ಬೆಂಗಳೂರಿನದು, 2012ರಲ್ಲಿ ಅವರ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಬರೀ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ) ಮೊದಲು ಲಂಡನ್ನಿನಲ್ಲಿ ಬಿಡುಗಡೆಯಾಯಿತು. ಹೊರಗಿನವರಿಗೆ ತೋರಿಸುವ ವ್ಯವಸ್ಥೆ ಇದೆ, ಮೊದಲೇ ಫೋನ್ ಮಾಡಿ ಹೇಳಿದ್ದೆ. ಆರು ವರ್ಷ ಇದರ ಪಕ್ಕದಲ್ಲೇ ಬಸ್ಸಿನಲ್ಲಿ ಹೋಗಿದ್ದೇನೆ, ಒಂದು ದಿನವೂ ಇಳಿದಿರಲಿಲ್ಲ. ಇದನ್ನು ಯಾರ ಮೇಲೆ ಹಾಕಲಿ? ನನ್ನದೇ ತಪ್ಪು.

ಒಳಗೆ ಭಟ್ಟಿ ಇಳಿಸುವ ತಾಮ್ರದ ಪಾತ್ರೆಗಳು, ಸ್ಟಿಲ್ ಅನ್ನುತ್ತಾರೆ. ನಮ್ಮ ಬಚ್ಚಲ ಹಂಡೆಗೆ ಕೊಕ್ಕರೆಯ ಕುತ್ತಿಗೆ ಜೋಡಿಸಿದ ಹಾಗೆ. ಬಾರ್ಲಿ ನಮ್ಮ ದೇಶದ್ದೇ, ಪೀಪಾಯಿಗಳು ಅಮೆರಿಕದಲ್ಲಿ ಬರ್ಬನ್ ವಿಸ್ಕಿ ತುಂಬಿ ಖಾಲಿಯಾದವು. ಪೀಪಾಯಿ ಇಟ್ಟ ಕೋಣೆಯ ವಾಸನೆಗೆ ನಮ್ಮವಳು ಕಣ್ಣು ಮುಚ್ಚಿ ನಿಂತು, "ನಮ್ಮನೆ ಅಟ್ಟದಲ್ಲಿ ಜೋನಿ ಬೆಲ್ಲದ ಡಬ್ಬಿ ತೆಗೆದ ಹಾಗೆ ಇದ್ದು" ಅಂದಳು. ಪೀಪಾಯಿಯಿಂದ ವರ್ಷ ವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತದೆ, ಅದಕ್ಕೆ ದೇವತೆಗಳ ಪಾಲು ಅನ್ನುತ್ತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ನೂರಕ್ಕೆ ಸುಮಾರು 2 ಭಾಗ ಹೋದರೆ ಗೋವಾದ ಸೆಕೆಯಲ್ಲಿ ಸುಮಾರು 8. ಇಲ್ಲಿಯ ದೇವತೆಗಳಿಗೆ ಬಾಯಾರಿಕೆ ಜಾಸ್ತಿ. ಆದರೆ ಅದೇ ಸೆಕೆಗೆ ವಿಸ್ಕಿಯೂ ಬೇಗ ಮಾಗುತ್ತದಂತೆ.

ಅಲ್ಲಿಂದ ಇಬ್ಬರು ಪೈಲಟ್‌ಗಳನ್ನು ಹಿಡಿದೆವು. ವಿಮಾನದವರಲ್ಲ, ಗೋವಾದಲ್ಲಿ ಬೈಕ್ ಟ್ಯಾಕ್ಸಿಯವರಿಗೆ ಹಾಗೆ ಹೇಳುವುದು. ನಮ್ಮ ಹಳೇ ಆಫೀಸಿನ ಗೆಳೆಯನ ಅಣ್ಣ ಗುಡ್ಡದ ಬುಡದಲ್ಲಿ ಫೆನಿ ಭಟ್ಟಿ ಇಟ್ಟಿದ್ದಾರೆ. ಏಪ್ರಿಲ್ ಕೊನೆ, ಗೇರುಹಣ್ಣಿನ ಸುಗ್ಗಿ. ದೂರದಿಂದಲೇ ವಾಸನೆ ಬಂತು. ಆ ವಾಸನೆಗೆ ನಾನು ಒಮ್ಮೆಲೇ ಎಂಟು ವರ್ಷದ ಹುಡುಗ.

ಅಲ್ಲಿ ಹಣ್ಣು ಕೊಯ್ಯುವುದಿಲ್ಲ. ತಾನಾಗಿ ಬಿದ್ದದ್ದನ್ನೇ ಆರಿಸಿ, ಬೀಜ ತಿರುವಿ ತೆಗೆದು, ಕೊಳಂಬಿ ಅನ್ನುವ ತೊಟ್ಟಿಯಲ್ಲಿ ಹಾಕಿ ಕಾಲಿನಿಂದ ತುಳಿಯುತ್ತಾರೆ. ಉಳಿದ ಚರಟವನ್ನು ಗುಪ್ಪೆ ಮಾಡಿ, ಬಳ್ಳಿ ಸುತ್ತಿ, ಮೇಲೆ ಕಲ್ಲು ಹೇರುತ್ತಾರೆ. ಆಗ ಹನಿ ಹನಿಯಾಗಿ ಇಳಿಯುವ ತಿಳಿ ರಸಕ್ಕೆ ನೀರೊ ಅಂತ ಹೆಸರು. ಒಂದು ಲೋಟ ಕೊಟ್ಟರು, ಅಮಲು ಇಲ್ಲ, ಬರೀ ಸಿಹಿ, ಕೊನೆಗೆ ಗಂಟಲಲ್ಲಿ ಸ್ವಲ್ಪ ಒಗರು. ತುಳಿದ ರಸ ಎರಡು ಮೂರು ದಿನ ಹುಳಿ ಬಂದ ಮೇಲೆ ಒಲೆಗೆ. ಮೊದಲ ಸಲ ಇಳಿಸಿದ್ದು ಉರಾಕ್, ಲಿಂಬು, ಉಪ್ಪು, ಸೀಳಿದ ಹಸಿಮೆಣಸು ಹಾಕಿ ಕುಡಿಯುವಂಥದ್ದು. ಆ ಉರಾಕ್‌ಗೆ ಮತ್ತೆ ರಸ ಸೇರಿಸಿ ಇಳಿಸಿದರೆ ಫೆನಿ. ಅಣ್ಣನವರು ಬಾಟಲಿ ಅಲ್ಲಾಡಿಸಿ ಬಿಸಿಲಿಗೆ ಹಿಡಿದರು. ಸಣ್ಣ ಗುಳ್ಳೆಗಳು ಮೇಲೆ ಉಂಗುರದ ಹಾಗೆ ನಿಂತವು. ಫೇನ ಅಂದರೆ ನೊರೆ, ಹೆಸರು ಬಂದದ್ದೇ ಅದರಿಂದ ಅನ್ನುತ್ತಾರೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ನಮ್ಮ ಮನೆಯವರು ಬೈದರೂ ಸರಿ. ಅಂಕೋಲೆಯಲ್ಲಿ ನಮ್ಮ ಅಜ್ಜನೂ ಇದನ್ನೇ ಮಾಡುತ್ತಿದ್ದ. ಗೇರುಗುಡ್ಡದ ಹಿಂದೆ, ರಾತ್ರಿ ಹೊತ್ತು. ಒಂದು ದಿನ ಜೀಪಿನ ಸದ್ದು ಕೇಳಿ ತಾಮ್ರದ ಪಾತ್ರೆಯನ್ನು ಬಾವಿಗೆ ಎಸೆದ. ಅದು ಇವತ್ತಿಗೂ ಅಲ್ಲೇ ಇದೆ. ಕೇಳಿದವರಿಗೆ ನಮ್ಮಮ್ಮ "ಕೊಡಪಾನ ಬಿದ್ದದ್ದು" ಅನ್ನುತ್ತಿದ್ದಳು. ಗೋವಾದಲ್ಲಿ ಗೇರು ಫೆನಿಗೆ 2009ರಲ್ಲಿ ಜಿಐ ಗುರುತು (ಇದು ಈ ನಾಡಿನದೇ ಅನ್ನುವ ಅಧಿಕೃತ ಮುದ್ರೆ) ಸಿಕ್ಕಿತು, 2016ರಲ್ಲಿ ಗೋವಾ ಸರ್ಕಾರ ಅದನ್ನು ರಾಜ್ಯದ ಪರಂಪರೆಯ ಪೇಯ ಅಂತ ಘೋಷಿಸಿತು. ನಮ್ಮಲ್ಲಿ 2007ರ ಜುಲೈಯಲ್ಲಿ ಸಾರಾಯಿಯೇ ಬಂದ್. ಅದು ತಪ್ಪು ಅನ್ನುತ್ತಿಲ್ಲ, ಸಾರಾಯಿ ಎಷ್ಟು ಮನೆ ತೆಗೆದಿದೆ ಅಂತ ನಾನೂ ಕಂಡಿದ್ದೇನೆ. ಆದರೆ ಅದೇ ಗೇರು, ಅದೇ ಗುಡ್ಡ. ಮಾಜಾಳಿಯ ಈ ಕಡೆ ಕಳ್ಳಭಟ್ಟಿ, ಆ ಕಡೆ ಪರಂಪರೆ. ಬೀಜ ಕಿತ್ತು ಹಣ್ಣು ಎಸೆಯುವುದನ್ನು ನೋಡಿಯೇ ಬೆಳೆದ ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಊಟ ಮಡಗಾಂವದ ಹತ್ತಿರ ಒಂದು ಸಣ್ಣ ಬ್ರೂವರಿಯಲ್ಲಿ. ಸ್ಟೀಲ್ ಡ್ರಮ್ಮು, ಇಡ್ಲಿ ಹಿಟ್ಟು ಹುಳಿ ಬಂದ ವಾಸನೆ, ಹಾಪ್ಸ್ ಅಂತ ಒಣಗಿದ ಹಸಿರು ಹೂವು ಕೈಯಲ್ಲಿ ತಿಕ್ಕಿ ಮೂಸಲು ಕೊಟ್ಟರು. ಕಹಿ ಅದರಿಂದಲೇ ಬರುವುದು. ಬಿಯರಿಗಿಂತ ಇಸ್ವಾಣ ಮೀನಿನ ಫ್ರೈ ಚೆನ್ನಾಗಿತ್ತು. ಅಷ್ಟೇ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ನಾವು ಬಂದರಿನ ಗೇಟಿನಲ್ಲಿ. ಖರ್ಚು? ಬಸ್ಸು, ಪೈಲಟ್, ಟಿಕೆಟ್, ಮೀನೂಟ ಎಲ್ಲ ಸೇರಿ ಇಬ್ಬರಿಗೂ ಅವರ ಒಬ್ಬರ ರೇಟಿಗಿಂತ ಕಡಿಮೆ.

ಈಗ ಯಾರಾದರೂ ಹೇಳುತ್ತೀರಿ, ಹಡಗಿನವರ ಟೂರ್ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ, ಆ ಹುಡುಗಿ ಹೇಳಿದ್ದು ಸರಿ ಅಲ್ವಾ ಅಂತ. ಸರಿ. ಗೊತ್ತಿಲ್ಲದ ದೇಶದಲ್ಲಾದರೆ ನಾನೂ ಒಂದು ತಾಸು ಮೊದಲೇ ಬಂದು ಗೇಟಿನಲ್ಲಿ ಕೂರುತ್ತೇನೆ. ಆದರೆ ಇಲ್ಲಿ? ಹಡಗು ಬಿಟ್ಟು ಹೋದರೆ ಹೋಗಲಿ, ಕದಂಬ ಹತ್ತಿದರೆ ರಾತ್ರಿ ಊಟಕ್ಕೆ ಮನೆ. ಚೀಲ ಬೇಕಾದರೆ ಮುಂಬೈ ನೋಡಿಕೊಂಡು ಬರಲಿ. ಮತ್ತೆ ಆ ಸಂಜೆ ತಡ ಮಾಡಿದ್ದು ಯಾರು ಗೊತ್ತಾ? ಅವರದೇ ಟೂರ್ ಬಸ್ಸು, ಐದೂವರೆಗೆ ಬಂತು.

ಅದರಿಂದ ಇಳಿದ ಠಾಣೆಯ ಕಾಕಾ ಒಬ್ಬರು ಕೈಯಲ್ಲಿ ಮೂರು ಪೊಟ್ಟಣ ಗೋಡಂಬಿ ಹಿಡಿದಿದ್ದರು. "ಡಿಸ್ಟಿಲರಿ ಹೇಗಿತ್ತು?" ಕೇಳಿದೆ. ಅಂಗಡಿಯ ಹಿಂದೆ ಒಂದು ಮಡಕೆ ತೋರಿಸಿದರಂತೆ, ಔಷಧಿ ಮುಚ್ಚಳದಷ್ಟು ಫೆನಿ ಕೊಟ್ಟರಂತೆ, ಆಮೇಲೆ ಒಂದು ತಾಸು ಗೋಡಂಬಿ ಅಂಗಡಿ. ಬ್ರೂವರಿಗೆ ಟೈಮ್ ಆಗಲಿಲ್ಲವಂತೆ. 4,500! "ಆದರೆ ಸೇಫ್ ಇತ್ತು" ಅಂದರು ಪಾಪ. ನನಗೆ ಸಿಟ್ಟು ಬಂದದ್ದು ಅಲ್ಲಿ. ಮೋಸ ಆಗಬಹುದು ಅಂತ ಹೆದರಿಸಿದವರೇ...

ಬಿಡಿ. ಬಾಟಲಿ ತಂದಿಲ್ಲ, ಇನ್‌ಬಾಕ್ಸ್‌ನಲ್ಲಿ ಕೇಳಬೇಡಿ.

ನಿನ್ನೆ ರಾತ್ರಿ ನಮ್ಮವಳು ಫೋನಿನಲ್ಲಿ ಅಪ್ಪನಿಗೆ ಕೊಳಂಬಿ, ಹಂಡೆ, ರಸ ಎಲ್ಲ ವರ್ಣಿಸಿದಳು. ಮಾವನವರು ಜನ್ಮದಲ್ಲಿ ಒಂದು ಹನಿ ಮುಟ್ಟಿದವರಲ್ಲ, ಆದರೆ ಆಲೆಮನೆಯಲ್ಲಿ ಅರ್ಧ ಆಯುಷ್ಯ ಕಳೆದವರು. ಪೂರ್ತಿ ಕೇಳಿ, "ಒಲೆಗೆ ಕಟ್ಟಿಗೆ ಯಾವುದು ಹಾಕ್ತಾರೆ?" ಅಂದರಂತೆ. ನಾನು ಅದನ್ನು ನೋಡಿರಲಿಲ್ಲ. ಬರುವ ಸೋಮವಾರ ಅವರನ್ನೇ ಕರೆದುಕೊಂಡು ಹೋಗುತ್ತಿದ್ದೇನೆ. ಕದಂಬದಲ್ಲಿ.