ಚಿತ್ರದಲ್ಲಿ ವೈರ್ ಇರಲಿಲ್ಲ

ರಿಮೋಟ್ ಗಾಡಿಯ ಕಿಟ್ ಜೊತೆ ಬರುವ ಪುಸ್ತಕ ತುಂಬಾ ಕಾಳಜಿಯ ಪುಸ್ತಕ. ಯಾವ ಸ್ಕ್ರೂ ಎಷ್ಟುದ್ದ ಅಂತ ಗೊಂದಲ ಆಗಬಾರದೆಂದು ಅದೇ ಅಳತೆಯ ಚಿತ್ರ ಹಾಕಿರುತ್ತಾರೆ. ಸ್ಕ್ರೂವನ್ನು ಪುಟದ ಮೇಲಿಟ್ಟು ನೋಡಿಕೊಂಡರೆ ಸಾಕು. ಇಲ್ಲಿ ಗ್ರೀಸ್ ಹಚ್ಚಿ, ಅಲ್ಲಿ ಬೇಡ, ಇದನ್ನು ಜಾಸ್ತಿ ಬಿಗಿ ಮಾಡಬೇಡಿ, ಲೋಹಕ್ಕೆ ಲೋಹ ಸೇರುವ ಕಡೆ ಸ್ಕ್ರೂ ಅಂಟು ಒಂದು ಹನಿ ಬಿಡಿ. ಹೀಗೆ ಪುಟ ಪುಟವಾಗಿ ಜೊತೆಗೇ ನಡೆಸಿಕೊಂಡು ಬಂದ ಪುಣ್ಯಾತ್ಮರು, ಎಲೆಕ್ಟ್ರಾನಿಕ್ಸ್ ಕೂರಿಸುವ ಪುಟ ಬಂದ ಕೂಡಲೇ ಜಾಗ ಖಾಲಿ ಮಾಡುತ್ತಾರೆ. ಷಾಸಿಯ ಮೇಲೆ ನಾಲ್ಕು ಚೌಕ. ಒಂದರ ಮೇಲೆ ಸರ್ವೋ ಅಂತ ಬರೆದಿದೆ, ಒಂದರ ಮೇಲೆ ರಿಸೀವರ್, ಒಂದರ ಮೇಲೆ ಇಎಸ್‌ಸಿ, ಇನ್ನೊಂದು ಬ್ಯಾಟರಿ. ಹಿಂದುಗಡೆ ಮೋಟಾರ್ ಕಡೆಗೆ ಒಂದು ಬಾಣ. ಮುಗೀತು. ಮುಂದಿನ ಪುಟದಲ್ಲಿ ಸ್ಟಿಕ್ಕರ್ ಅಂಟಿಸುವ ಕ್ರಮ.

ಆ ಚಿತ್ರದಲ್ಲಿ ಒಂದೇ ಒಂದು ವೈರ್ ಇಲ್ಲ.

ನಿಜದಲ್ಲಿ ಎಷ್ಟಿವೆ ಲೆಕ್ಕ ಹಾಕಿ. ಸರ್ವೋ ಅಂದರೆ ಮುಂದಿನ ಚಕ್ರ ತಿರುಗಿಸುವ ಪುಟ್ಟ ಮೋಟಾರು, ರಿಸೀವರ್ ಅಂದರೆ ರಿಮೋಟಿನ ಮಾತು ಕೇಳಿಸಿಕೊಳ್ಳುವ ಡಬ್ಬಿ. ಸರ್ವೋದಿಂದ ರಿಸೀವರ್‌ಗೆ 3 ಎಳೆ. ಇಎಸ್‌ಸಿ ಅಂದರೆ ವೇಗ ಹೆಚ್ಚು ಕಡಿಮೆ ಮಾಡುವ ಡಬ್ಬಿ, ಅದರಿಂದ ರಿಸೀವರ್‌ಗೆ 3. ಅದೇ ಡಬ್ಬಿಯಿಂದ ಬ್ರಷ್‌ಲೆಸ್ ಮೋಟಾರಿಗೆ ದಪ್ಪನೆಯವು 3, ಬ್ಯಾಟರಿಗೆ ಇನ್ನೂ ದಪ್ಪನೆಯವು 2, ಸ್ವಿಚ್ಚಿಗೆ 2, ಫ್ಯಾನಿಗೆ 2. ರಿಸೀವರ್ ಆಂಟೆನಾ 1. ಒಟ್ಟು 16. ಸೆನ್ಸರ್ ಇರುವ ಮೋಟಾರ್ ತಂದಿದ್ದರೆ ಇನ್ನೂ 6 ಎಳೆಯ ಕೇಬಲ್ ಬೇರೆ. ಇಷ್ಟೂ ಆ ನಾಲ್ಕು ಚೌಕಗಳ ನಡುವಿನ ಖಾಲಿ ಬಿಳಿ ಕಾಗದದಲ್ಲೇ ಸಂಸಾರ ಮಾಡಬೇಕು.

ನಾನು ತಂದದ್ದು ಶಾರ್ಟ್ ಕೋರ್ಸ್ ಟ್ರಕ್ಕಿನ ಕಿಟ್. ಅದನ್ನು ನೋಡಿಲ್ಲದವರಿಗೆ ಒಂದು ಮಾತು. ಮಣ್ಣಿನ ಟ್ರ್ಯಾಕಿನಲ್ಲಿ ದಿಬ್ಬ ಹಾರಿಕೊಂಡು ರೇಸ್ ಮಾಡುವ ಪಿಕಪ್ ಟ್ರಕ್ಕುಗಳಿವೆಯಲ್ಲ, ಅವುಗಳ ಹತ್ತರಲ್ಲೊಂದು ಅಳತೆಯ ಗಾಡಿ ಇದು. 2008ರಲ್ಲಿ ಟ್ರಾಕ್ಸಸ್‌ನವರ ಸ್ಲ್ಯಾಶ್ ಬಂದ ಮೇಲೆ ಜನ ಇದಕ್ಕೆ ಮುಗಿಬಿದ್ದರು. ಸುಮಾರು 55 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. ನೋಡಿದವರೆಲ್ಲ, ‘ಇಷ್ಟು ದೊಡ್ಡ ಗಾಡಿ, ಜಾಗಕ್ಕೇನು ಬರ?’ ಅನ್ನುತ್ತಾರೆ. ಬಾಡಿ ಎತ್ತಿ ತೋರಿಸಬೇಕು. ಅಗಲವೆಲ್ಲ ಚಕ್ರಕ್ಕೆ, ಸಸ್ಪೆನ್ಷನ್ನಿಗೆ ಹೋಗಿರುತ್ತದೆ. ನಡುವೆ ಉಳಿಯುವುದು ತೊಟ್ಟಿಯಂಥ ಸಪೂರ ಷಾಸಿ. ಅದರಲ್ಲೂ 14 ಸೆಂ.ಮೀ. ಉದ್ದದ ಬ್ಯಾಟರಿ ಕಾಲು ಚಾಚಿಕೊಂಡು ಮಲಗಿದ ಮೇಲೆ ಮಿಕ್ಕವರಿಗೆ ಸಿಗುವುದು ಅಂಗೈ ಅಗಲದ ಜಾಗ. ಸಿದ್ಧವಾಗಿ ಬರುವ ಗಾಡಿಗಳಲ್ಲಿ ಈ ಜಗಳವನ್ನೆಲ್ಲ ಕಾರ್ಖಾನೆಯಲ್ಲೇ ಬಗೆಹರಿಸಿ ಕಳಿಸುತ್ತಾರೆ. ಕಿಟ್ ತಂದರೆ ಪಂಚಾಯಿತಿಗೆ ನಾವೇ ಕೂರಬೇಕು.

ಪುಸ್ತಕದ ಪ್ರಕಾರ ಮೊದಲು ಸರ್ವೋ ಕೂರಿಸಬೇಕು. ಕೂರಿಸುವ ಮೊದಲು ಅದನ್ನು ಸರಿಯಾಗಿ ನಡುವಿಗೆ ತಂದುಕೊಳ್ಳಬೇಕು, ಇಲ್ಲದಿದ್ದರೆ ಗಾಡಿ ಎಡಕ್ಕೆ ಚೆನ್ನಾಗಿ ತಿರುಗಿ ಬಲಕ್ಕೆ ಮೂಗು ಮುರಿಯುತ್ತದೆ. ನಡುವಿಗೆ ತರಲು ರಿಸೀವರ್ ಬೇಕು. ರಿಸೀವರ್‌ಗೆ ಕರೆಂಟ್ ಬರುವುದು ಇಎಸ್‌ಸಿಯಿಂದ, ಬ್ಯಾಟರಿಯ 7.4 ವೋಲ್ಟನ್ನು 6ರ ಆಸುಪಾಸಿಗೆ ಇಳಿಸಿ ಅದು ಇವರಿಗೆ ಹಂಚುತ್ತದೆ. ಇಎಸ್‌ಸಿಗೆ ಬ್ಯಾಟರಿ ಬೇಕು. ಬ್ಯಾಟರಿ ಸಿಕ್ಕಿಸಲು ಪ್ಲಗ್ ಸೋಲ್ಡರ್ ಆಗಿರಬೇಕು. ಅಂದರೆ ಮೊದಲ ಕೆಲಸ ಮಾಡಬೇಕಾದರೆ ಕೊನೆಯ ಕೆಲಸ ಮುಗಿದಿರಬೇಕು. ಸೋಲ್ಡರ್ ಎಂಬ ಮಾತು ಪುಸ್ತಕದಲ್ಲಿ ಹುಡುಕಿದರೂ ಸಿಗುವುದಿಲ್ಲ.

ಸೋಲ್ಡರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ದಪ್ಪ ವೈರಿಗೆ ದಪ್ಪ ತುದಿಯ ಐರನ್ನೇ ಬೇಕು. ಪ್ಲಸ್ ಮೈನಸ್ ಎರಡನ್ನೂ ಒಟ್ಟಿಗೆ ಬಿಚ್ಚಿಡಬಾರದು. ಇನ್ನು ಬಿಸಿ ಮಾಡಿದರೆ ಕುಗ್ಗಿ ಬೆಸುಗೆಯನ್ನು ಮುಚ್ಚಿಕೊಳ್ಳುವ ಆ ಹೀಟ್ ಶ್ರಿಂಕ್ ಕೊಳವೆ. ಬೆಸುಗೆಗೆ ಮೊದಲೇ ಅದನ್ನು ವೈರಿಗೆ ಏರಿಸಿಕೊಂಡಿರಬೇಕು ಎಂದು ಲೋಕಕ್ಕೆಲ್ಲ ಗೊತ್ತು. ಆದರೂ ಬೆಸುಗೆ ಹಾಕಿ, ತಣ್ಣಗಾಗಿ, ಆಹಾ ಎಷ್ಟು ಹೊಳೀತಾ ಇದೆ ಅಂತ ತಿರುಗಿಸಿ ನೋಡುವ ಗಳಿಗೆಯಲ್ಲೇ ಅದು ಮೇಜಿನ ತುದಿಯಲ್ಲಿ ಉರುಳಿಕೊಂಡು ಬಂದು ದರ್ಶನ ಕೊಡುತ್ತದೆ. ಅದರ ಸ್ವಭಾವವೇ ಹಾಗೆ.

ಅಂತೂ ಊಟದ ಮೇಜಿನ ಮೇಲೆ ಎಲ್ಲವನ್ನೂ ಹರಡಿ, ಒಂದಕ್ಕೊಂದು ಸಿಕ್ಕಿಸಿ, ರಿಮೋಟ್ ಆನ್ ಮಾಡಿ ಸ್ವಿಚ್ ಹಾಕಿದೆ. ಸರ್ವೋ ಝರ್ರ್ ಅಂತ ಒಂದು ಸಲ ಮೈ ಮುರಿದು ನಿಂತಿತು. ತಟ್ಟೆ ಇಡಲು ಬಂದ ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಳು.

‘ರೀ, ಅದಕ್ಕೆ ಜೀವ ಇದೆಯಾ?’

‘ಈಗಷ್ಟೇ ಬಂತು.’

‘ಹಾಗಾದ್ರೆ ಅದನ್ನ ನೆಲದ ಮೇಲೆ ಸಾಕಿಕೊಳ್ಳಿ.’

ನೆಲದ ಮೇಲೆ ಕೂತು ಸರ್ವೋ ಹಾರ್ನ್, ಅಂದರೆ ಸರ್ವೋ ತಲೆಗೆ ಸಿಕ್ಕಿಸುವ ಪುಟ್ಟ ತೋಳು, ಹಾಕಿದೆ. ಸರ್ವೋ ತಲೆಯ ಮೇಲೆ ಸಣ್ಣ ಹಲ್ಲುಗಳಿರುತ್ತವೆ. ಕಂಪನಿಗೊಂದು ಲೆಕ್ಕ. ಕೆಲವರದು 23, ಕೆಲವರದು 24, ಕೆಲವರದು 25. ಬೇರೆಯವರ ಹಾರ್ನ್ ಕೂರುವುದಿಲ್ಲ, ಬಲವಂತ ಮಾಡಿದರೆ ಹಲ್ಲು ಸವೆಸಿಕೊಂಡು ಕೂರುತ್ತದೆ. ನನ್ನದು 25. ಅಂದರೆ ಒಂದು ಹಲ್ಲು ಜರುಗಿಸಿದರೆ 14.4 ಡಿಗ್ರಿ ತಿರುಗುತ್ತದೆ. ಇಲ್ಲಿ ಹಾಕಿದರೆ ತುಸು ಎಡಕ್ಕೆ ವಾಲುತ್ತದೆ. ತೆಗೆದು ಒಂದು ಹಲ್ಲು ಆಚೆ ಹಾಕಿದರೆ ತುಸು ಬಲಕ್ಕೆ. ನೆಟ್ಟಗೆ ನಿಲ್ಲುವ ಹಲ್ಲು ಮಾತ್ರ ಆ ಇಪ್ಪತ್ತೈದರಲ್ಲಿ ಇಲ್ಲವೇ ಇಲ್ಲ. ಉಳಿದ ವ್ಯತ್ಯಾಸವನ್ನು ರಿಮೋಟಿನ ಟ್ರಿಮ್‌ನಲ್ಲಿ ಸರಿ ಮಾಡಿಕೊಳ್ಳಬೇಕು. ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೌದೋ ಅಲ್ಲವೋ ಎಂಬಷ್ಟು ಸರಿಸಿ, ಕೊನೆಗೆ ನೆಟ್ಟಗೆ ಬಂತು. ಅಷ್ಟರಲ್ಲಿ ಮಗಳು ಬಂದು ಹಾರ್ನನ್ನು ಬೆರಳಲ್ಲಿ ಒತ್ತಿ, ‘ಅಪ್ಪಾ, ಇದು ಯಾಕೆ ನನ್ನನ್ನ ವಾಪಸ್ ತಳ್ಳುತ್ತೆ?’ ಅಂದಳು. ಕರೆಂಟ್ ಇರುವಾಗ ಸರ್ವೋ ತನ್ನ ಜಾಗ ಬಿಟ್ಟುಕೊಡುವುದಿಲ್ಲ ಅಂತ ವಿವರಿಸಿದೆ. ಹಾಗಾದರೆ ಯಾರು ಗೆಲ್ಲುತ್ತಾರೆ ನೋಡೋಣ ಅಂತ ಅವಳು ಇನ್ನೂ ಜೋರಾಗಿ ಒತ್ತಿದಳು. ಸರ್ವೋ ಕುಯ್ಯೋ ಅಂತ ಕೂಗಿತು. ನಾನೂ ಕೂಗಿದೆ.

ಮೋಟಾರ್ ಕೂರಿಸುವುದು ಸುಲಭ, ಎರಡೇ ಸ್ಕ್ರೂ. ಮೋಟಾರಿನ ತುದಿಯ ಪುಟ್ಟ ಗೇರಾದ ಪಿನ್ಯನ್ನಿಗೂ ಅದು ತಿರುಗಿಸುವ ದೊಡ್ಡ ಸ್ಪರ್ ಗೇರಿಗೂ ನಡುವೆ ಕಾಗದದ ಚೂರು ಸಿಕ್ಕಿಸಿ, ಮೋಟಾರ್ ಒತ್ತಿ ಹಿಡಿದು ಬಿಗಿ ಮಾಡಿ, ಆಮೇಲೆ ಕಾಗದ ತಿರುಗಿಸಿ ತೆಗೆದರೆ ಹಲ್ಲುಗಳ ನಡುವೆ ಬೇಕಾದಷ್ಟೇ ಸಂದು ಉಳಿಯುತ್ತದೆ. ಆದರೆ ಪಿನ್ಯನ್ ಬದಲಾಯಿಸಿ ದೊಡ್ಡದು ಹಾಕಿದರೆ ಮೋಟಾರ್ ಒಂದೆರಡು ಮಿಲಿಮೀಟರ್ ಹಿಂದೆ ಹೋಗುತ್ತದೆ, ಆ ಒಂದೆರಡು ಮಿಲಿಮೀಟರ್ ವೈರ್ ಎಲ್ಲಿಂದ ತರುವುದು? ಅದಕ್ಕೇ ಸ್ವಲ್ಪ ಸಡಿಲ ಬಿಟ್ಟಿರಬೇಕು. ಜಾಸ್ತಿ ಸಡಿಲ ಬಿಟ್ಟರೆ ಡ್ರೈವ್ ಷಾಫ್ಟ್ ಅದನ್ನು ಪ್ರೀತಿಯಿಂದ ಸುತ್ತಿಕೊಳ್ಳುತ್ತದೆ.

ಉದ್ದದ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಸರ್ವೋಗೂ ರಿಸೀವರ್‌ಗೂ ಬೆರಳುದ್ದದ ದೂರ, ಸರ್ವೋ ವೈರ್ ಮಾತ್ರ ಗೇಣುದ್ದಕ್ಕಿಂತ ಹೆಚ್ಚು. ಇಎಸ್‌ಸಿಗೂ ರಿಸೀವರ್‌ಗೂ ಗೇಣುದ್ದ ದೂರ, ಅದರ ವೈರ್ ಎರಡು ಬೆರಳು ಕಮ್ಮಿ. ಇಬ್ಬರೂ ಅದಲು ಬದಲು ಮಾಡಿಕೊಂಡಿದ್ದರೆ ನನ್ನ ಅರ್ಧ ಕೆಲಸ ಮುಗಿಯುತ್ತಿತ್ತು. ರಿಸೀವರನ್ನು ಇಎಸ್‌ಸಿ ಹತ್ತಿರ ತಂದೆ, ಬ್ಯಾಟರಿ ಪಟ್ಟಿ ಅಡ್ಡ ಬಂತು. ಇಎಸ್‌ಸಿಯನ್ನು ತಿರುಗಿಸಿ ಇಟ್ಟೆ, ಮೋಟಾರ್ ವೈರ್ ಸ್ಪರ್ ಗೇರಿನ ಮೇಲೆ ಹಾದುಹೋಯಿತು. ಮಗ್ಗುಲಾಗಿ ಇಟ್ಟೆ, ಫ್ಯಾನ್ ಗೋಡೆಗೆ ಮುಖ ಮಾಡಿತು. ಕೊನೆಗೆ ಉಳಿದ ಸರ್ವೋ ವೈರನ್ನು ಎರಡು ಬೆರಳಿಗೆ ಸುತ್ತಿ, ಮೆಲ್ಲಗೆ ಜಾರಿಸಿ, ಜಿಪ್ ಟೈ ಬಿಗಿದು ಮೂಲೆಗೆ ತುರುಕಿದೆ. ಬೆರಳು ತೆಗೆದ ಕೂಡಲೇ ಅದು ಟುಪಕ್ ಅಂತ ಹೊರಗೆ ಬಂದು, ಮಳೆ ನಿಂತ ಮೇಲೆ ಬಸವನಹುಳು ಇಣುಕಿದ ಹಾಗೆ ನನ್ನನ್ನು ನೋಡಿತು. ಮತ್ತೆ ತುರುಕಿದೆ. ಮತ್ತೆ ಬಂತು.

ಇದಕ್ಕೆಲ್ಲ ಮದ್ದು ಡಬಲ್ ಸೈಡ್ ಟೇಪ್. ಟೇಪಿನದೂ ಒಂದು ಕಥೆ. ಅಂಟಬೇಕಾದಾಗ ಅಂಟುವುದಿಲ್ಲ. ಷಾಸಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಒಣಗಿಸಿ, ಒತ್ತಿ ಹಿಡಿದು ಓಲೈಸಬೇಕು. ಅದೇ ‘ಅಯ್ಯೋ, ಅರ್ಧ ಇಂಚು ಈ ಕಡೆ ಇರಬೇಕಿತ್ತು’ ಅಂದುಕೊಂಡು ಕೀಳಲು ಹೋಗಿ, ಏಳೇಳು ಜನ್ಮದ ನಂಟು ತೋರಿಸುತ್ತದೆ.

ಸ್ವಿಚ್ಚಿನ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. ಇಎಸ್‌ಸಿಯಿಂದ ಎರಡು ವೈರಿನ ತುದಿಗೆ ಒಂದು ಸಣ್ಣ ಸ್ವಿಚ್ ನೇತುಬಿಟ್ಟಿರುತ್ತಾರೆ. ಎಲ್ಲಿಡಬೇಕು ಅಂತ ಇಎಸ್‌ಸಿ ಮಾಡಿದವರು ಹೇಳುವುದಿಲ್ಲ, ಗಾಡಿ ಮಾಡಿದವರಿಗೆ ಅಂಥದ್ದೊಂದು ಇದೆ ಅನ್ನುವುದೇ ಗೊತ್ತಿಲ್ಲ. ಕೈಗೆ ಸಿಗುವ ಕಡೆ ಅಂಟಿಸಿದರೆ ಚಕ್ರ ಎರಚುವ ಮಣ್ಣೆಲ್ಲ ಅದಕ್ಕೇ. ಮಣ್ಣು ಬೀಳದ ಕಡೆ ಅಂಟಿಸಿದರೆ ಕೈಗೆ ಸಿಗುವುದಿಲ್ಲ, ನಾಲ್ಕು ಕ್ಲಿಪ್ ತೆಗೆದು ಬಾಡಿ ಎತ್ತಬೇಕು. ನಾಲ್ಕರಲ್ಲಿ ಒಂದು ಕ್ಲಿಪ್ ಹುಲ್ಲಿಗೆ ಬೀಳುತ್ತದೆ. ಹುಲ್ಲಿಗೆ ಬಿದ್ದ ಕ್ಲಿಪ್ ಯಾರಿಗಾದರೂ ವಾಪಸ್ ಸಿಕ್ಕಿದ್ದುಂಟಾ? ನಾನು ಬದಿಯ ಗೋಡೆಗೆ ಅಂಟಿಸಿದೆ. ಮಣ್ಣು ಬಿದ್ದರೆ ಒರೆಸಿದರಾಯಿತು.

ಆಮೇಲೆ ಜಿಪ್ ಟೈಗಳ ಬಾಲ ಕತ್ತರಿಸುವ ಕೆಲಸ. ನೋಡಲು ಬಂದಿದ್ದ ಗೆಳೆಯ, ‘ಕೊಡೋ ಇಲ್ಲಿ, ನಾನು ಮಾಡ್ತೀನಿ’ ಅಂತ ಕಟ್ಟರ್ ಕಸಿದುಕೊಂಡ. ಬಹಳ ಓರಣದ ಮನುಷ್ಯ. ಕಚಕ್, ಕಚಕ್ ಅಂತ ಒಂದೊಂದನ್ನೇ ಬುಡಕ್ಕೆ ಸರಿಯಾಗಿ ಕತ್ತರಿಸಿದ. ಚೂರುಗಳನ್ನು ಅಂಗೈಯಲ್ಲಿ ಗುಡ್ಡೆ ಹಾಕಿಕೊಂಡ.

‘ಇದೊಂದು ಸುಮ್ನೆ ನೇತಾಡ್ತಾ ಇತ್ತು ನೋಡು, ತೆಗೆದುಬಿಟ್ಟೆ.’

ಅವನ ಅಂಗೈಯಲ್ಲಿ ಕಪ್ಪು ಪ್ಲಾಸ್ಟಿಕ್ ಚೂರುಗಳ ಮಧ್ಯೆ ಬೂದು ಬಣ್ಣದ ಸಪೂರ ವೈರಿನ ತುಂಡು. ತುದಿಯಲ್ಲಿ ಸುಮಾರು 3 ಸೆಂ.ಮೀ. ಹೊರಕವಚ ಸುಲಿದದ್ದು.

‘ಮಾರಾಯಾ, ಅದು ಆಂಟೆನಾ!’

‘ಇಷ್ಟೇ ಇಷ್ಟಾ? ಆಂಟೆನಾ ಅಂದ್ರೆ ಇಷ್ಟುದ್ದ ಇರುತ್ತಲ್ಲೋ?’ ಅಂತ ಅವನು ಎರಡೂ ಕೈ ಅಗಲಿಸಿದ.

ಅವನ ಮಾತೂ ಸುಳ್ಳಲ್ಲ. ಹಿಂದೆ 27 ಮೆಗಾಹರ್ಟ್ಸ್ ಕಾಲದಲ್ಲಿ ಗಾಡಿಯ ಮೇಲೆ ಉದ್ದನೆ ಆಂಟೆನಾ ಕೊಳವೆ ಗಾಳಿಗೆ ತೂಗುತ್ತಿತ್ತು. ಈಗಿನದು 2.4 ಗಿಗಾಹರ್ಟ್ಸ್. ಅಲೆಯ ಉದ್ದ 12.5 ಸೆಂ.ಮೀ., ಅದರ ಕಾಲು ಭಾಗ ಇದ್ದರೆ ಕೆಲಸ ನಡೆಯುತ್ತದೆ. ಆ ಕಾಲು ಭಾಗ ಈಗ ಅವನ ಅಂಗೈಯಲ್ಲಿತ್ತು. ನೆಲದ ಮೇಲೆ ಪರೀಕ್ಷೆ ಮಾಡಿದಾಗ ಗಾಡಿ ಏನೂ ಆಗದ ಹಾಗೆ ಮಾತು ಕೇಳಿತು. ‘ನೋಡು, ಬೇಕಾಗೇ ಇರಲಿಲ್ಲ’ ಅಂದ ಗೆಳೆಯ. ಅಂಗಳದ ತುದಿಗೆ ಹೋದ ಮೇಲೆ ಗಾಡಿಗೆ ನಾನು ಯಾರೋ, ಅದು ಯಾರೋ. ಹೊಸ ರಿಸೀವರ್ ತಂದು, ಏಳೇಳು ಜನ್ಮದ ಟೇಪನ್ನು ಚಾಕುವಿನಿಂದ ಬಿಡಿಸಿ, ರಿಮೋಟಿಗೆ ಮತ್ತೆ ಪರಿಚಯ ಮಾಡಿಸಿದೆ. ಈ ಸಲ ಆಂಟೆನಾವನ್ನು ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿದ್ದೇನೆ. ಗೆಳೆಯನಿಗೆ ಈಗ ಸ್ಟಿಕ್ಕರ್ ವಿಭಾಗ.

ಇಎಸ್‌ಸಿಗೆ ಥ್ರಾಟಲ್, ಅಂದರೆ ರಿಮೋಟಿನ ಟ್ರಿಗರ್‌ನ ಅಳತೆ, ಕಲಿಸುವ ಕೆಲಸ ಮನೆಯವರೆಲ್ಲ ಮಲಗಿದ ಮೇಲೆ ಇಟ್ಟುಕೊಂಡೆ. ನನ್ನದಕ್ಕೆ ಪೂರ್ತಿ ಒತ್ತಿ ಒಂದು ಸಲ, ಪೂರ್ತಿ ಬ್ರೇಕ್ ಹಿಡಿದು ಒಂದು ಸಲ, ನಡುವೆ ಬಿಟ್ಟು ಒಂದು ಸಲ ತೋರಿಸಬೇಕು. ತಿಳಿಯಿತು ಅನ್ನಲು ಅದು ಪೀಂ ಪೀಂ ಅನ್ನುತ್ತದೆ. ಸದ್ದು ಕಡಿಮೆ ಮಾಡೋಣ ಅಂತ ಇಎಸ್‌ಸಿ ಮೇಲೆ ಟವೆಲ್ ಮುಚ್ಚಿದರೆ ಏನೂ ಪ್ರಯೋಜನವಿಲ್ಲ. ಬ್ರಷ್‌ಲೆಸ್ ಗಾಡಿಯಲ್ಲಿ ಹಾಡುವುದು ಮೋಟಾರು. ಇಎಸ್‌ಸಿ ಅದರ ಸುರುಳಿಗಳಿಗೆ ಕರೆಂಟನ್ನು ಬಿಟ್ಟು ಬಿಟ್ಟು ಕೊಟ್ಟು ನಡುಗಿಸುತ್ತದೆ. ಒಳಗಿಂದ ಹೆಂಡತಿಯ ದನಿ ಬಂತು. ‘ರೀ, ಅದಕ್ಕೆ ಹೊಟ್ಟೆ ಹಸಿದಿದೆಯೇನೋ, ಏನಾದ್ರೂ ಹಾಕಿ.’ ಅಷ್ಟೆಲ್ಲ ಆಗಿ ಟ್ರಿಗರ್ ಒತ್ತಿದರೆ ಚಕ್ರ ಹಿಂದಕ್ಕೆ ತಿರುಗಿತು. ಸೆನ್ಸರ್ ಇಲ್ಲದ ಮೋಟಾರಾದ್ದರಿಂದ ಮೂರರಲ್ಲಿ ಯಾವುದಾದರೂ ಎರಡು ವೈರ್ ಅದಲು ಬದಲು ಮಾಡಿದರೆ ಸರಿಹೋಗುತ್ತದೆ. ಈ ಇಡೀ ಗಾಡಿಯಲ್ಲಿ ಕೇಳಿದ ಕೂಡಲೇ ಆದ ಕೆಲಸ ಅದೊಂದೇ.

ಬಾಡಿ ಹಾಕಿದ ಮೇಲೆ ಇದ್ಯಾವುದೂ ಕಾಣುವುದಿಲ್ಲ ಅನ್ನುವುದು ಸಮಾಧಾನವೋ ಸಂಕಟವೋ ಗೊತ್ತಿಲ್ಲ. ಬಯಲಿನಲ್ಲಿ ಮೊದಲ ದಿಬ್ಬಕ್ಕೆ ಬಿಟ್ಟೆ. ಚೆನ್ನಾಗಿಯೇ ಹಾರಿತು. ಈ ಗಾಡಿಗಳ ಅಗಲ ಬಾಡಿಯೊಳಗೆ ಗಾಳಿ ತುಂಬಿಕೊಂಡು ಪ್ಯಾರಾಚೂಟ್ ಆಗುತ್ತದೆ, ಅದಕ್ಕೇ ಹಿಂಭಾಗದಲ್ಲಿ ತೂತು ಕೊರೆಯುತ್ತಾರೆ ಅಂತ ಓದಿದ್ದೆ. ಕೊರೆಯಲು ಮನಸ್ಸು ಬಂದಿರಲಿಲ್ಲ, ಗೆಳೆಯ ಅಷ್ಟು ಚೆನ್ನಾಗಿ ಸ್ಟಿಕ್ಕರ್ ಅಂಟಿಸಿದ್ದ. ಗಾಡಿ ಮೂತಿ ಮೇಲೆತ್ತಿ, ಒಂದು ಪಲ್ಟಿ ಹೊಡೆದು, ಮತ್ತೆ ಚಕ್ರದ ಮೇಲೇ ಬಿದ್ದು ನಿಂತಿತು. ಚಪ್ಪಾಳೆ ತಟ್ಟಿದೆವು. ಟ್ರಿಗರ್ ಒತ್ತಿದೆ. ಊಹೂಂ. ಸ್ಟಿಯರಿಂಗ್ ತಿರುಗಿಸಿದೆ. ಜಪ್ಪಯ್ಯ ಅನ್ನಲಿಲ್ಲ. ಹೋಗಿ ನೋಡಿದರೆ ವೈರು, ಬೆಸುಗೆ, ಆಂಟೆನಾ ಎಲ್ಲ ಇದ್ದಲ್ಲೇ ಇವೆ. ಬಿದ್ದಾಗ ಕಲ್ಲೊಂದು ತಗುಲಿ ಸ್ವಿಚ್ ಆಫ್ ಆಗಿತ್ತು.

ಈಗ ಸ್ವಿಚ್ ಮೇಲೆ ಒಂದು ತುಂಡು ಟೇಪ್ ಹಾಕಿದ್ದೇನೆ. ಆನ್ ಮಾಡಬೇಕಾದರೆ ಅದನ್ನು ಕೀಳಬೇಕು. ನನ್ನ ಬೆರಳು ಆ ಸಂದಿಗೆ ಹೋಗುವುದಿಲ್ಲ, ಮಗಳ ಬೆರಳು ಹೋಗುತ್ತದೆ. ಮೊದಲು ರಿಮೋಟ್ ಆನ್, ಆಮೇಲೆ ಗಾಡಿ ಅನ್ನುವ ನಿಯಮವನ್ನು ಅವಳು ಚಾಚೂ ತಪ್ಪದೆ ಪಾಲಿಸುತ್ತಾಳೆ. ನನ್ನ ಕೈಯಿಂದ ರಿಮೋಟ್ ಇಸಿದುಕೊಂಡು ಆನ್ ಮಾಡುತ್ತಾಳೆ, ಟೇಪ್ ಕಿತ್ತು ಗಾಡಿ ಆನ್ ಮಾಡುತ್ತಾಳೆ, ಟೇಪನ್ನು ಮತ್ತೆ ಅಂಟಿಸುತ್ತಾಳೆ. ರಿಮೋಟ್ ವಾಪಸ್ ಕೊಡುವುದಿಲ್ಲ.